ಪರದೆಯ ಮೇಲಿನ ಗೋಳಗುಮ್ಮಟಕ್ಕೆ ಗೈಡ್ ಯಾರು?

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ಇಂದು ಮೊಬೈಲಿನಲ್ಲಿ ಬೆರಳಾಡಿಸಿ ಸುತ್ತು ಹಾಕಬಹುದು. ಪ್ರವಾಸಿಗರು ಅಂತರ್ಜಾಲಕ್ಕೆ ಏರಿಸಿದ 360 ಡಿಗ್ರಿ ಚಿತ್ರಗಳಿಗೆ ಬರವಿಲ್ಲ. ಬೆರಳನ್ನು ಪಕ್ಕಕ್ಕೆ ಎಳೆದರೆ ಗುಮ್ಮಟ ತಿರುಗುತ್ತದೆ, ಕೆಳಗೆ ನೋಡಿದರೆ ಮುಹಮ್ಮದ್ ಆದಿಲ್ ಶಾಹನ ಗೋರಿಯ ಕಟ್ಟೆ ಕಾಣುತ್ತದೆ. ಕೇಳಿಸುವುದು ಮಾತ್ರ ಏನೂ ಇಲ್ಲ. ಕಿವಿಗಾಗಿ ಹೆಸರಾದ ಕಟ್ಟಡವನ್ನು ಕಣ್ಣಿಗಷ್ಟೇ ಬಡಿಸಿ, ಇನ್ನು ನೀವು ವಿಜಯಪುರಕ್ಕೆ ಬರಬೇಕಾಗಿಲ್ಲ ಎನ್ನುವವರ ಧೈರ್ಯವನ್ನು ಮೆಚ್ಚಲೇಬೇಕು.

ಹಾಗೆನ್ನುವವರ ಬಳಿ ಕಾರಣಗಳಿಲ್ಲವೆಂದಲ್ಲ. ಪ್ರಯಾಣಕ್ಕೆ ಹಣ ಬೇಕು, ರಜೆ ಬೇಕು, ಮೊಣಕಾಲು ಗಟ್ಟಿ ಇರಬೇಕು. ವಿಮಾನ ಹಾರಿದಷ್ಟೂ ಭೂಮಿ ಬಿಸಿಯಾಗುತ್ತದೆ ಎಂಬ ಮಾತೂ ಜೊತೆಗೆ ಸೇರುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಇದು ಬೇರೆಯವರ ಚರ್ಚೆಯಲ್ಲ. ಬೆಂಗಳೂರಿನವರಿಗೆ ಇವು ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬರಬೇಕಾದ ಊರುಗಳು. ಹಂಪಿ ನೋಡಿ ಅಲ್ಲಿಂದಲೇ ಹಿಂದಿರುಗುವವರೇ ಹೆಚ್ಚು. ಅಂಥವರು ಬಾದಾಮಿ, ಪಟ್ಟದಕಲ್ಲುಗಳನ್ನು ಪರದೆಯ ಮೇಲಾದರೂ ನೋಡಲಿ ಎಂಬ ಆಸೆ ನಮ್ಮ ಪ್ರವಾಸೋದ್ಯಮದ ಮಂದಿಗೆ ಇದ್ದರೆ ತಪ್ಪಿಲ್ಲ. ಆದರೆ ಕ್ಯಾಮೆರಾ ಕೊಳ್ಳುವ ಮುನ್ನ ಕೇಳಬೇಕಾದದ್ದು ಬೇರೆಯೇ ಇದೆ. ಯಾವ ಜಾಗವನ್ನು ತೋರಿಸಬೇಕು, ಅದರ ಬಗ್ಗೆ ಮಾತನಾಡುವವರು ಯಾರು, ಬಂದ ಹಣ ಯಾರ ಕೈ ಸೇರುತ್ತದೆ? ಇವಕ್ಕೆ ಉತ್ತರವಿಲ್ಲದೆ ಮಾಡಿದ ವರ್ಚುವಲ್ ಪ್ರವಾಸ ಮೂಕ ಚಿತ್ರಗಳ ಕಟ್ಟು ಅಷ್ಟೇ.

ಮೊದಲು ಸರಕನ್ನು ಗುರುತಿಸೋಣ. ವರ್ಚುವಲ್ ಪ್ರವಾಸವೆಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ವಸ್ತುಗಳು ಓಡಾಡುತ್ತಿವೆ. 360 ಡಿಗ್ರಿ ಚಿತ್ರಗಳನ್ನು ಒಂದಕ್ಕೊಂದು ಹೊಲಿದು, ಬಾಣದ ಗುರುತು ಒತ್ತಿದರೆ ಮುಂದಿನ ಚಿತ್ರಕ್ಕೆ ಹೋಗುವಂತೆ ಮಾಡಿದ್ದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಸಿಗುವಂಥದ್ದು. ಇನ್ನೊಂದು ಲೇಸರ್ ಸ್ಕ್ಯಾನ್. ಕಲ್ಲಿಗೆ ಬಡಿದು ಹಿಂದಿರುಗುವ ಬೆಳಕಿನಿಂದ ದೂರವನ್ನು ಅಳೆದು, ಕೋಟಿಗಟ್ಟಲೆ ಬಿಂದುಗಳಲ್ಲಿ ಕಟ್ಟಡದ ಮೂರು ಆಯಾಮದ ಪ್ರತಿಯನ್ನು ಕಟ್ಟುತ್ತಾರೆ. ಒಂದರ ಮೇಲೊಂದು ಹಾಯುವಂತೆ ತೆಗೆದ ನೂರಾರು ಛಾಯಾಚಿತ್ರಗಳಿಂದಲೂ ಇಂಥ ಪ್ರತಿಯನ್ನು ಮಾಡಬಹುದು. ಮೂರನೆಯದು ನೇರ ಪ್ರಸಾರ: ಗೈಡ್ ಕೈಯಲ್ಲಿ ಮೊಬೈಲ್ ಹಿಡಿದು ನಡೆಯುತ್ತಾರೆ, ಬೇರೆ ಊರಿನಲ್ಲಿ ಕುಳಿತವರು ನೋಡುತ್ತ ಪ್ರಶ್ನೆ ಕೇಳುತ್ತಾರೆ. ಮೊದಲಿನದು ಜಾಹೀರಾತು, ಎರಡನೆಯದು ದಾಖಲೆ. ಪ್ರವಾಸ ಎನ್ನಿಸಿಕೊಳ್ಳುವ ಯೋಗ್ಯತೆ ನನ್ನ ಲೆಕ್ಕದಲ್ಲಿ ಮೂರನೆಯದಕ್ಕೆ ಮಾತ್ರ ಇದೆ.

ಕಿವಿಗೆ ಏನು ಸಿಗುತ್ತದೆ?

ಗೋಳಗುಮ್ಮಟಕ್ಕೇ ಮರಳೋಣ, ಏಕೆಂದರೆ ಈ ತಂತ್ರಜ್ಞಾನದ ಬಲ ಮತ್ತು ಸೋಮಾರಿತನ ಎರಡೂ ಅಲ್ಲಿ ಚೆನ್ನಾಗಿ ಕಾಣುತ್ತವೆ. 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಗ್ಯಾಲರಿ ಇದೆ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು. ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಇಂಥದೇ ಗ್ಯಾಲರಿಗೆ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಕೊಟ್ಟ ವಿವರಣೆಯೆಂದರೆ, ಶಬ್ದದ ಅಲೆಗಳು ಚದುರಿ ಹೋಗದೆ ಬಾಗಿದ ಗೋಡೆಯನ್ನು ತಬ್ಬಿಕೊಂಡು ಸಾಗುತ್ತವೆ. ಸಿ. ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳನ್ನು ಅಧ್ಯಯನ ಮಾಡಿದಾಗ ಗೋಳಗುಮ್ಮಟವೂ ಅವರ ಲೆಕ್ಕದಲ್ಲಿತ್ತು.

ಇನ್ನು ಅಲ್ಲಿಗೆ ನಿಜವಾಗಿ ಹೋದವರಿಗೆ ಏನು ಕೇಳಿಸುತ್ತದೆ? ಡಿಸೆಂಬರ್ ತಿಂಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬಂದ ಮಧ್ಯಾಹ್ನವಾದರೆ ಸಿಳ್ಳೆ, ಕೂಗು, ಹೆಸರು ಹಿಡಿದು ಕರೆಯುವ ಗದ್ದಲ, ಅದರ ಏಳೆಂಟು ಪಟ್ಟು ಮರುಧ್ವನಿ. ಪಿಸುಮಾತು ಕೇಳಬೇಕೆನ್ನುವವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೇಲೆ ಹತ್ತಬೇಕು ಎಂದು ಊರಿನ ಗೈಡುಗಳು ಹೇಳುವುದು ಇದಕ್ಕೇ. ಕಾಲಿಟ್ಟು ಹೋದವರಿಗೂ ದಕ್ಕದ ಅನುಭವವನ್ನು ಯಂತ್ರ ಹಿಡಿದಿಡಬಲ್ಲದು ಎಂಬುದು ಇಲ್ಲಿನ ಸ್ವಾರಸ್ಯ. ಖಾಲಿ ಕಟ್ಟಡದಲ್ಲಿ ಒಂದು ಬಲೂನು ಒಡೆದು, ಆ ಸದ್ದು ಹೇಗೆ ಹರಡಿ, ಮರಳಿ, ಆರುತ್ತದೆ ಎಂಬುದನ್ನು ಒಳ್ಳೆಯ ಮೈಕುಗಳಲ್ಲಿ ದಾಖಲಿಸಿಕೊಂಡರೆ ಆ ಕಟ್ಟಡದ ಧ್ವನಿಗುಣವೇ ಕೈಗೆ ಸಿಕ್ಕಂತೆ. ಮುಂದೆ ಯಾವ ಮಾತನ್ನು, ಯಾವ ಹಾಡನ್ನು ಬೇಕಾದರೂ ಅದರೊಳಗೆ ಹಾಯಿಸಿ, ಅದೇ ಗುಮ್ಮಟದಡಿ ಹಾಡಿದಂತೆ ಕೇಳಿಸಬಹುದು. ಇಸ್ತಾಂಬುಲಿನ ಹಗಿಯಾ ಸೋಫಿಯಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಬಲೂನು ಒಡೆದು ಮಾಡಿದ್ದು ಇದನ್ನೇ. ಅಲ್ಲಿ ಹಾಡಲು ಅವಕಾಶವಿಲ್ಲದ ಗಾಯಕರು ದೂರದ ಅಮೆರಿಕದಲ್ಲಿ ನಿಂತು ಆ ಕಟ್ಟಡದ ಧ್ವನಿಯಲ್ಲಿ ಹಾಡಿದರು. ವಿಜಯಪುರಕ್ಕೆ ಇದಕ್ಕಿಂತ ಹೊಂದುವ ಕೆಲಸ ಬೇರೊಂದು ಇರಲಾರದು. ಕಾಲು ಸೋತ ಅಜ್ಜಿಯೊಬ್ಬರು ನೆಲದ ಮಟ್ಟದಲ್ಲಿಯೇ ಕುಳಿತು, ಹೆಡ್‌ಫೋನ್ ಹಾಕಿಕೊಂಡು, ತಮ್ಮ ಮೊಮ್ಮಗ ಮೇಲಿನಿಂದ ಪಿಸುಗುಟ್ಟಿದ್ದನ್ನು ಕೇಳುವಂತಾದರೆ ಅದನ್ನು ನಾನು ತಂತ್ರಜ್ಞಾನ ಎನ್ನುತ್ತೇನೆ. ಬೆರಳಿಗೆ ತಿರುಗುವ ಮೂಕ ಚಿತ್ರವನ್ನಲ್ಲ.

ಬೀಗಮುದ್ರೆಯ ದಿನಗಳು ಕಲಿಸಿದ್ದು

ಕೊರೊನಾ ಕಾಲದಲ್ಲಿ ಇಡೀ ಜಗತ್ತು ಈ ಪ್ರಯೋಗವನ್ನು ಬಲವಂತವಾಗಿ ಮಾಡಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳು 2020ರ ಮಾರ್ಚ್ 17ರಿಂದ ಜುಲೈ ಮೊದಲ ವಾರದವರೆಗೆ ಮುಚ್ಚಿದ್ದವು. ಅದೇ ಏಪ್ರಿಲಿನಲ್ಲಿ ಉತ್ತರ ಅಟ್ಲಾಂಟಿಕಿನ ಫರೋ ದ್ವೀಪಗಳವರು ಸ್ಥಳೀಯರ ತಲೆಗೆ ಕ್ಯಾಮೆರಾ ಕಟ್ಟಿ, ಅವರನ್ನು ಎಡಕ್ಕೆ ತಿರುಗಿಸುವ, ಓಡಿಸುವ, ಜಿಗಿಸುವ ಗುಂಡಿಗಳನ್ನು ನೋಡುಗರ ಮೊಬೈಲಿಗೆ ಕೊಟ್ಟುಬಿಟ್ಟರು. ವಿಡಿಯೊ ಗೇಮಿನಂಥ ಈ ಪ್ರವಾಸ ಊರೂರಲ್ಲಿ ಸುದ್ದಿಯಾಯಿತು. ಅಮೆಜಾನ್ ಕಂಪನಿ ಅದೇ ವರ್ಷ ಗೈಡುಗಳೊಂದಿಗೆ ನೇರ ಪ್ರವಾಸ ಮಾಡಿಸುವ 'ಎಕ್ಸ್‌ಪ್ಲೋರ್' ಸೇವೆಯನ್ನು ಶುರುಮಾಡಿ, 2022ರಲ್ಲಿ ಮುಚ್ಚಿತು. ಅಷ್ಟು ದೊಡ್ಡ ಕಂಪನಿಗೂ ಗಿಟ್ಟದ ವ್ಯಾಪಾರವದು. ದಾರಿ ತೆರೆದ ಕೂಡಲೇ ಜನ ಪರದೆ ಮಡಚಿಟ್ಟು ಚೀಲ ಕಟ್ಟಿದರು. ಹೋಗಬಲ್ಲವರಿಗೆ ಪರದೆ ತಾತ್ಕಾಲಿಕ ಸಮಾಧಾನ ಮಾತ್ರ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ನಮ್ಮ ಕಡೆಯ ಲೆಕ್ಕ ಇನ್ನೂ ನೇರ. ಬಾದಾಮಿಗೆ ಬಂದವರೊಬ್ಬರು ಪುರಾತತ್ವ ಇಲಾಖೆಗೆ ಕೊಡುವುದು ಟಿಕೆಟಿನ ಚಿಲ್ಲರೆ ಹಣ. ಉಳಿದದ್ದು ಆಟೊ, ಗೈಡ್, ಖಾನಾವಳಿ, ವಸತಿಗೃಹಕ್ಕೆ ಹೋಗುತ್ತದೆ. ಬನಶಂಕರಿ ಗುಡಿಯ ಬಳಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕುಡಿಕೆಯ ಮೊಸರು ಹೊತ್ತು ತಂದು ನೆಲದ ಮೇಲೇ ಬಡಿಸುವ ಹೆಂಗಸರಿದ್ದಾರೆ. ವಿಜಯಪುರದಲ್ಲಿ ಟಾಂಗಾದವರಿದ್ದಾರೆ. ಅಮೀನಗಡದ ಕರದಂಟಿನ ಅಂಗಡಿ, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇವೆಲ್ಲ ದಾರಿಯಲ್ಲಿ ಹಾಯುವವರನ್ನು ನಂಬಿಕೊಂಡ ವ್ಯಾಪಾರ. ಪರದೆಯ ಮೇಲೆ ಹಾಯುವವರು ಅಮೀನಗಡದಲ್ಲಿ ಇಳಿಯುವುದಿಲ್ಲ. (ಬಾದಾಮಿಯ ಮಂಗಗಳು ಕೈಯಲ್ಲಿನ ತಿಂಡಿ ಕಸಿಯುವುದಿಲ್ಲ ಎಂಬ ಒಂದು ಲಾಭವನ್ನು ಬೇಕಾದರೆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.)

ಹವಾಮಾನದ ವಾದವನ್ನೂ ನೋಡಿಬಿಡೋಣ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 8ರಷ್ಟು ಪ್ರವಾಸೋದ್ಯಮದ್ದು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅದರಲ್ಲಿ ದೂರದ ವಿಮಾನಯಾನದ ಪಾಲು ಭಾರವಾದದ್ದು. ಗದಗಿನಿಂದ ಬಸ್ಸಿನಲ್ಲಿ, ಸೊಲ್ಲಾಪುರದಿಂದ ರೈಲಿನಲ್ಲಿ ಬಾದಾಮಿಗೆ ಬರುವ ಕುಟುಂಬವನ್ನು ಮನೆಯಲ್ಲಿ ಕೂರಿಸಿದರೆ ಭೂಮಿಗೆ ಆಗುವ ಉಪಕಾರ ಹೇಳಿಕೊಳ್ಳುವಂಥದ್ದಲ್ಲ. ಆಮ್ಸ್ಟರ್‌ಡಾಮಿನಿಂದ ಹಾರಿಬರುವವರಿಗೆ ಈ ವಾದ ಅನ್ವಯಿಸುತ್ತದೆ; ಅವರು ನಮ್ಮಲ್ಲಿಗೆ ಬರುವುದೇ ಅಪರೂಪ.

ಇದಕ್ಕಿಂತ ದೊಡ್ಡ ಸಂಗತಿ ಸವದತ್ತಿಯ ಗುಡ್ಡದಲ್ಲಿದೆ. ಪ್ರಯಾಣದ ಅಗತ್ಯವೇ ತೀರಿತು ಎಂದು ತಂತ್ರಜ್ಞಾನದವರು ಹೇಳುತ್ತಿದ್ದಾಗಲೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ಭಾಗದ ಹೆಂಗಸರನ್ನು ಬಸ್ಸು ಹತ್ತಿಸಿತು. ಯಲ್ಲಮ್ಮನ ಗುಡ್ಡ, ಬನಶಂಕರಿ, ಕೂಡಲಸಂಗಮದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವರಲ್ಲಿ ಎಷ್ಟೋ ಮಂದಿ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವವರೇ, ದೇವಿಯ ಪೂಜೆಯನ್ನು ಯೂಟ್ಯೂಬಿನಲ್ಲಿ ನೋಡಬಲ್ಲವರೇ. ಆದರೂ ಹೊರಟರು. ಅವರಿಗೆ ದೇವರು ಎಷ್ಟು ಮುಖ್ಯವೋ ಹೊಲಮನೆಯಿಂದ ಒಂದು ದಿನ ಹೊರಗಿರುವುದೂ, ಅಕ್ಕತಂಗಿಯರೊಡನೆ ಗುಡ್ಡ ಹತ್ತಿ, ಬುತ್ತಿ ಬಿಚ್ಚಿ ಉಣ್ಣುವುದೂ ಅಷ್ಟೇ ಮುಖ್ಯ. ಪ್ರವಾಸವೆಂದರೆ ನೋಡುವುದು ಎಂದುಕೊಂಡವರು ಮಾತ್ರ ಅದಕ್ಕೆ ಪರದೆಯಲ್ಲಿ ಪರ್ಯಾಯ ಹುಡುಕುತ್ತಾರೆ.

ಕಾಲು ತಲುಪದ ಜಾಗಗಳು

ಹಾಗಾದರೆ ವರ್ಚುವಲ್ ಪ್ರವಾಸ ಬೇಡವೇ? ಬೇಕು, ಆದರೆ ಎಲ್ಲರೂ ಹೋಗುವ ಜಾಗಕ್ಕಲ್ಲ. ಬಾದಾಮಿಯ ಉತ್ತರದ ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಕಾಲದ, ಕ್ರಿ.ಶ. 543ರ ಶಾಸನವಿದೆ. ಚಾಲುಕ್ಯರು ವಾತಾಪಿಯಲ್ಲಿ ಕೋಟೆ ಕಟ್ಟಿದ ದಾಖಲೆ ಅದು. ಕರ್ನಾಟಕದ ಚರಿತ್ರೆಯ ದೊಡ್ಡದೊಂದು ಅಧ್ಯಾಯ ಅಲ್ಲಿಂದ ಶುರುವಾಗುತ್ತದೆ, ಆದರೆ ಸಾಮಾನ್ಯ ಪ್ರವಾಸಿ ಅದರ ಹತ್ತಿರ ಹೋಗಿ ಓದುವಂತಿಲ್ಲ. ಅಗಸ್ತ್ಯತೀರ್ಥದ ಆಚೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಕ್ಕಳು ಬಾದಾಮಿಗೆ ಬಂದು, ಗುಹೆ ನೋಡಿ, ಅದನ್ನು ನೋಡದೆ ಮರಳುತ್ತಾರೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆಸಿದ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ವಿಷಯವೂ ಕಾಳಿದಾಸ, ಭಾರವಿಯರ ಹೆಸರುಗಳೂ ಅದರಲ್ಲಿವೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಎದುರು ನಿಂತರೆ ಅಕ್ಷರಗಳು ಕಲ್ಲಿನಲ್ಲಿ ಕರಗಿಹೋದಂತೆ ಕಾಣುತ್ತವೆ.

ಇಲ್ಲಿ ಪರದೆ ಕಣ್ಣನ್ನು ಸೋಲಿಸುತ್ತದೆ. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ದೀಪವನ್ನು ಸುತ್ತಲೂ ಬೇರೆ ಬೇರೆ ಕೋನಗಳಿಂದ ಹಿಡಿದು ಚಿತ್ರಗಳನ್ನು ತೆಗೆದು ಒಂದುಗೂಡಿಸಿದರೆ, ನೋಡುಗ ತನ್ನ ಬೆರಳಿನಿಂದ ಬೆಳಕನ್ನು ಸರಿಸಬಹುದು. ಬೆಳಕು ಓರೆಯಾಗಿ ಬಿದ್ದೊಡನೆ ಸವೆದ ಅಕ್ಷರ ಎದ್ದು ನಿಲ್ಲುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಮುಕ್ತವಾಗಿ ಇಡುತ್ತಿರುವ ಕೆಲಸ ಈ ದಾರಿಯದೇ. ಬಾದಾಮಿಯ ಮೂರನೆಯ ಗುಹೆ ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಕೊರೆಸಿದ್ದು, ಕ್ರಿ.ಶ. 578ರದ್ದು. ಅದರ ಚಾವಣಿಯಲ್ಲಿ ಉಳಿದಿರುವ ವರ್ಣಚಿತ್ರಗಳು ಇಂದು ಮಸುಕು ಕಲೆಗಳಂತಿವೆ. ಬರಿಗಣ್ಣಿಗೆ ಸಿಗದ ಬೆಳಕಿನಲ್ಲಿ ಚಿತ್ರ ತೆಗೆದು ಸಂಸ್ಕರಿಸಿದರೆ ಅಳಿದ ರೇಖೆಗಳನ್ನು ಮರಳಿ ಹಿಡಿಯಬಹುದು.

ವಿಜಯಪುರದ ಸುರಂಗ ಬಾವಡಿಯೂ ಇಂಥದೇ. ತೊರವಿ ಕಡೆಯಿಂದ ನಗರಕ್ಕೆ ನೆಲದೊಳಗಿನ ಕಾಲುವೆಯಲ್ಲಿ ನೀರು ತರುತ್ತಿದ್ದ ಆದಿಲ್ ಶಾಹಿ ಕಾಲದ ವ್ಯವಸ್ಥೆ ಇದು. ದಖ್ಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳನ್ನು ಪರಂಪರೆಯ ತಾಣಗಳ ಉಳಿವಿಗಾಗಿ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್, ಅಪಾಯದಲ್ಲಿರುವ ತಾಣಗಳ ತನ್ನ 2020ರ ಕಾವಲುಪಟ್ಟಿಯಲ್ಲಿ ಸೇರಿಸಿತು. ಆ ಸುರಂಗದೊಳಗೆ ಪ್ರವಾಸಿಗರನ್ನು ಇಳಿಸುವುದು ಅವರಿಗೂ ಒಳ್ಳೆಯದಲ್ಲ, ಸುರಂಗಕ್ಕೂ ಒಳ್ಳೆಯದಲ್ಲ. ಸ್ಕ್ಯಾನ್ ಮಾಡಿ ತೋರಿಸಲು ಹೇಳಿ ಮಾಡಿಸಿದ ಜಾಗವದು. ಆದರೆ ಟೆಂಡರು ಕರೆದಾಗಲೆಲ್ಲ ಕ್ಯಾಮೆರಾ ಹೋಗಿ ನಿಲ್ಲುವುದು ಗೋಳಗುಮ್ಮಟದ ಮುಂಬಾಗಿಲಿನಲ್ಲೇ.

ಪರದೆ ಮತ್ತು ಪ್ರಯಾಣ ಎರಡನ್ನೂ ಜೋಡಿಸಿದವರು ಚೀನಾದ ದುನ್‌ಹುವಾಂಗಿನವರು. ಅಲ್ಲಿನ ಮೊಗಾವೊ ಗುಹೆಗಳ ಭಿತ್ತಿಚಿತ್ರಗಳಿಗೆ ಪ್ರವಾಸಿಗರ ಉಸಿರೇ ಶತ್ರುವಾಯಿತು. ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್ ಬಣ್ಣವನ್ನು ಕೆಡಿಸುತ್ತಿತ್ತು. 2014ರಲ್ಲಿ ಗುಹೆಗಳಿಂದ ದೂರದಲ್ಲಿ ಡಿಜಿಟಲ್ ಕೇಂದ್ರ ತೆರೆದು, ದಿನಕ್ಕೆ 6,000 ಜನರ ಮಿತಿ ಹಾಕಿದರು. ಬಂದವರು ಮೊದಲು ಗುಮ್ಮಟದ ಪರದೆಯಲ್ಲಿ ಗುಹೆಯನ್ನು ಬಿಡಿಬಿಡಿಯಾಗಿ ನೋಡುತ್ತಾರೆ, ಆಮೇಲೆ ಗೈಡಿನ ಜೊತೆ ಕೆಲವೇ ಗುಹೆಗಳನ್ನು ಹೊಕ್ಕು ಬೇಗ ಹೊರಬರುತ್ತಾರೆ. ಪರದೆ ಪ್ರಯಾಣವನ್ನು ನುಂಗಲಿಲ್ಲ, ಅದಕ್ಕೆ ಸಿದ್ಧಪಡಿಸಿತು. ನಮ್ಮ ಶಾಲಾ ಪ್ರವಾಸಗಳಿಗೆ ಇದು ತಕ್ಕ ಮಾದರಿ. ಮೂರು ಊರುಗಳನ್ನು ಒಂದೇ ದಿನದಲ್ಲಿ ಓಡಿಸಿಕೊಂಡು ಮುಗಿಸುವ ಪ್ರವಾಸದಲ್ಲಿ ಮಕ್ಕಳಿಗೆ ಉಳಿಯುವುದು ಬಸ್ಸಿನ ಹಾಡು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಏಕೆ ಕಟ್ಟಿಸಿದಳು, ಆ ಕಂಬಗಳ ಮೇಲಿನ ಕಥೆಗಳು ಯಾವುವು ಎಂಬುದನ್ನು ಹಿಂದಿನ ವಾರ ತರಗತಿಯ ಪರದೆಯಲ್ಲಿ ನೋಡಿದ ಮಗು ಅಲ್ಲಿ ಹೋಗಿ ಕಂಬವನ್ನು ಹುಡುಕುತ್ತದೆ.

ಗೈಡಿನ ಕಥೆ, ಯಂತ್ರದ ಕಥೆ

ವಿಜಯಪುರದ ಗೈಡುಗಳು ಹೇಳುವ ಕಥೆಗಳಲ್ಲಿ ಚರಿತ್ರೆಕಾರರು ಒಪ್ಪದಿರುವವು ಹಲವು. ಅರ್ಧಕ್ಕೆ ನಿಂತ ಗೋರಿ ಕಟ್ಟಡವಾದ ಬಾರಾ ಕಮಾನಿನ ನೆರಳು ಗೋಳಗುಮ್ಮಟದ ಮೇಲೆ ಬೀಳಬಾರದೆಂದು ಕೆಲಸ ನಿಲ್ಲಿಸಿದರು ಎಂಬುದು ಒಂದು. ಅಫ್ಜಲ್ ಖಾನ್ ಯುದ್ಧಕ್ಕೆ ಹೊರಡುವ ಮುನ್ನ ತನ್ನ ಹೆಂಡಂದಿರನ್ನೆಲ್ಲ ಕೊಂದನೆಂಬುದು ಇನ್ನೊಂದು. 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ಎಂಥ ಬಿಸಿಲಿನಲ್ಲೂ ಕಾಯುವುದಿಲ್ಲ ಎಂದು ಹೇಳಿ ಮುಟ್ಟಿಸಿಯೂ ನೋಡುತ್ತಾರೆ. ಇಲಾಖೆಯ ಧ್ವನಿಮುದ್ರಿತ ವಿವರಣೆ ಇವನ್ನೆಲ್ಲ ಕತ್ತರಿಸಿ ಇಸವಿ, ಅಳತೆ, ವಾಸ್ತುಶೈಲಿ ಎಂದು ಓದುತ್ತದೆ. ತಪ್ಪಿಲ್ಲ, ಆದರೆ ಅದನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ. ಒಳ್ಳೆಯ ಗೈಡ್ ಕಥೆಯನ್ನೂ ಹೇಳಿ, 'ಜನ ಹೀಗೆ ಹೇಳುತ್ತಾರೆ ಸರ್, ನಿಜವೋ ಸುಳ್ಳೋ ನೀವೇ ಲೆಕ್ಕ ಹಾಕಿ' ಎಂದು ನೆರಳಿನ ದಿಕ್ಕನ್ನು ತೋರಿಸುತ್ತಾನೆ. ಸೊಲ್ಲಾಪುರದಿಂದ ಬಂದವರಿಗೆ ಒಂದು ಬಗೆ, ಮಕ್ಕಳಿಗೆ ಒಂದು ಬಗೆ, ದಖ್ಖನಿ ಮಾತನಾಡುವವರಿಗೆ ಇನ್ನೊಂದು ಬಗೆ. ನೇರ ಪ್ರಸಾರದ ಪ್ರವಾಸದಲ್ಲಿ ಈ ಗುಣ ಉಳಿಯುತ್ತದೆ, ಮುದ್ರಿಸಿಟ್ಟದ್ದರಲ್ಲಿ ಸಾಯುತ್ತದೆ.

ಕ್ಯಾಮೆರಾ ಸುಳ್ಳು ಹೇಳುವುದು ಇನ್ನೊಂದು ರೀತಿಯಲ್ಲಿ, ಬಿಟ್ಟುಬಿಡುವುದರ ಮೂಲಕ. ಐಹೊಳೆಯಲ್ಲಿ ಗುಡಿಗಳ ನಡುವೆ ಮನೆಗಳಿವೆ, ಗೋಡೆಗೆ ಒರಗಿಸಿದ ಮೇವಿನ ಹೊರೆ ಇದೆ, ದನ ಕಟ್ಟಿದ ಗೂಟವಿದೆ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನೊಬ್ಬನಿಂದ. ಹಳ್ಳಿಯನ್ನು ಸ್ಥಳಾಂತರಿಸುವ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ. ವರ್ಚುವಲ್ ಐಹೊಳೆಯಲ್ಲಾದರೋ ಆ ಸ್ಥಳಾಂತರ ಒಂದು ಕ್ಲಿಕ್ಕಿನಲ್ಲಿ ಮುಗಿದಿರುತ್ತದೆ: ಹಸಿರು ಹುಲ್ಲು, ಕೆಂಪು ಕಲ್ಲು, ಜನರೇ ಇಲ್ಲ. ಹಾಳಾದ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ತೋರಿಸುವಾಗ ಈ ಅಪಾಯ ಇಮ್ಮಡಿಯಾಗುತ್ತದೆ. ಕಿತ್ತೂರಿನ ಅರಮನೆಯಲ್ಲಿ ಇಂದು ಉಳಿದಿರುವುದು ಮುರಿದ ಗೋಡೆಗಳು. ಅದರ ಮೇಲೆ ಚಿನ್ನದ ಬಣ್ಣದ ಸಿನಿಮಾ ಅರಮನೆಯನ್ನು ಎಬ್ಬಿಸುವುದು ಸುಲಭ. ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದನ್ನು ನೋಡುಗರಿಗೆ ತಿಳಿಸಲೇಬೇಕು ಎನ್ನುವ 'ಲಂಡನ್ ಚಾರ್ಟರ್' 2006ರಿಂದಲೇ ಇದೆ. ನಮ್ಮಲ್ಲಿ ಅದನ್ನು ಕರಾರಿನ ಭಾಗವನ್ನಾಗಿ ಮಾಡಬೇಕು.

ನೀರು ಬರುವ ಮುನ್ನ

ಸ್ಕ್ಯಾನಿನ ನಿಜವಾದ ಬೆಲೆ ತಿಳಿದದ್ದು ಪ್ಯಾರಿಸ್ಸಿನಲ್ಲಿ. ಆ್ಯಂಡ್ರೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರರು 2010ರಲ್ಲಿ ನೊಟ್ರೆ ಡಾಮ್ ಕೆಥೆಡ್ರಲನ್ನು ಲೇಸರಿನಿಂದ ಅಳೆದಿಟ್ಟಿದ್ದರು. 2019ರ ಏಪ್ರಿಲಿನಲ್ಲಿ ಅದಕ್ಕೆ ಬೆಂಕಿ ಬಿತ್ತು. 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಕಟ್ಟಡದ ಹಿಂದೆ ಅಂಥ ದಾಖಲೆಗಳ ನೆರವಿದೆ. ನಮಗೆ ಬೆಂಕಿಗಿಂತ ನೀರಿನ ಭಯ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳ ಮುಳುಗಿತ್ತು. 1987ರಿಂದ ವಿಶ್ವಪರಂಪರೆಯ ತಾಣವಾಗಿರುವ ಜಾಗಕ್ಕೂ ನದಿ ವಿನಾಯಿತಿ ಕೊಡಲಿಲ್ಲ.

ಆದರೆ ಪಟ್ಟದಕಲ್ಲಿಗೆ ಕಾಯುವವರಿದ್ದಾರೆ. ಹಿನ್ನೀರಿನ ಹಳ್ಳಿಗಳಿಗೆ ಇಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಮುಳುಗಡೆಯಾಗುವ ಜಮೀನಿಗೆ ಎಕರೆಗೆ 30 ಲಕ್ಷ, ನೀರಾವರಿಯದ್ದಾದರೆ 40 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ದರ ನಿಗದಿ ಮಾಡಿತು. ಹಳೆ ಬಾಗಲಕೋಟೆಯ ಮುಳುಗಿದ ಓಣಿಗಳ ಬಗ್ಗೆ ನವನಗರದಲ್ಲಿ ಇಂದಿಗೂ ಮಾತನಾಡುವವರಿದ್ದಾರೆ. ತೋರಿಸಲು ಅವರ ಬಳಿ ಮನೆಯ ಮುಂದೆ ನಿಂತು ತೆಗೆಸಿಕೊಂಡ ಕೆಲವು ಫೋಟೊಗಳನ್ನು ಬಿಟ್ಟರೆ ಏನಿಲ್ಲ. ಆಗ ಇಂಥ ತಂತ್ರಜ್ಞಾನ ಕೈಗೆಟುಕುತ್ತಿರಲಿಲ್ಲ, ಈಗ ಎಟುಕುತ್ತದೆ. ಮುಂದೆ ನೀರಿನಡಿ ಹೋಗಲಿರುವ ಊರುಗಳ ಗುಡಿ, ಮಸೀದಿ, ಅಗಸೆ, ಬಾವಿ, ಸಂತೆ ಕಟ್ಟೆಗಳನ್ನು ಊರವರ ಮಾತಿನೊಂದಿಗೆ ದಾಖಲಿಸುವ ಖರ್ಚು, ಪರಿಹಾರದ ಮೊತ್ತದ ಮುಂದೆ ಕಣ್ಣಿಗೆ ಬೀಳದಷ್ಟು ಚಿಕ್ಕದು. ಪುನರ್ವಸತಿಯ ಅಂದಾಜುಪಟ್ಟಿಯಲ್ಲಿ ರಸ್ತೆ, ಶಾಲೆ, ನೀರಿನ ಟ್ಯಾಂಕಿನ ಜೊತೆ ಇದಕ್ಕೂ ಒಂದು ಬಾಬತ್ತು ಇರಬೇಕು.

ಕೊನೆಗೆ ಉಳಿಯುವುದು ಮಾಲೀಕತ್ವದ ವಿಚಾರ. ಭಾರತ ಸರ್ಕಾರ ಗೂಗಲಿನ ಸ್ಟ್ರೀಟ್ ವ್ಯೂಗೆ 2016ರಲ್ಲಿ ಭದ್ರತೆಯ ಕಾರಣ ನೀಡಿ ಅನುಮತಿ ನಿರಾಕರಿಸಿತ್ತು. 2022ರಲ್ಲಿ ಅದು ಬೆಂಗಳೂರಿನಿಂದ ಶುರುವಾಗಿ ಮರಳಿ ಬಂದದ್ದು ದತ್ತಾಂಶ ಸಂಗ್ರಹವನ್ನು ಭಾರತೀಯ ಕಂಪನಿಗಳಿಗೆ ಬಿಟ್ಟುಕೊಟ್ಟ ಮೇಲೆಯೇ. ಬೀದಿಯ ಚಿತ್ರಗಳಿಗೆ ಇಷ್ಟು ಎಚ್ಚರಿಕೆ ವಹಿಸಿದ ಸರ್ಕಾರ ಸ್ಮಾರಕದ ಸ್ಕ್ಯಾನಿನ ವಿಷಯದಲ್ಲಿಯೂ ಅಷ್ಟೇ ಎಚ್ಚರವಾಗಿರಲಿ: ಗುತ್ತಿಗೆದಾರರು ಮೂಲ ದತ್ತಾಂಶವನ್ನು ಇಲಾಖೆಗೆ ಒಪ್ಪಿಸಬೇಕು, ಇಲಾಖೆ ಅದನ್ನು ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಉಚಿತವಾಗಿ ಇಡಬೇಕು. ಪ್ರವಾಸೋದ್ಯಮ ಇಲಾಖೆಯಿಂದ ತರಬೇತಿ ಪಡೆದ ಗೈಡುಗಳಿಗೆ ಸ್ಮಾರಕದೊಳಗಿನಿಂದ ನೇರ ಪ್ರಸಾರ ಮಾಡುವ ಅನುಮತಿಯನ್ನು, ಪ್ರತಿ ಸಲ ಅರ್ಜಿ ಹಿಡಿದು ಅಲೆಯದಂತೆ, ಗುರುತಿನ ಚೀಟಿಯ ಜೊತೆಗೇ ಕೊಡಬೇಕು. ಮುದ್ರಿತ ಪ್ರವಾಸದಲ್ಲಿ ಯಾರ ಧ್ವನಿ ಇದೆಯೋ ಅವರಿಗೆ ಒಮ್ಮೆ ಕೂಲಿ ಕೊಟ್ಟು ಮುಗಿಸದೆ, ಅದು ಮಾರಾಟವಾದಷ್ಟು ಸಲವೂ ಪಾಲು ಸಲ್ಲಬೇಕು.